ಗ್ರೆಗರಿ ಮಾಸ್ಟ್ರ ಕುವೈತ್ ರಸಮಂಜರಿ

ಮಂಗಳೂರಿನಿಂದ ಹೊರಡಬೇಕಿದ್ದದ್ದು ಇಡೀ ವಾದ್ಯವೃಂದ. ವೀಸಾ ಬಂದದ್ದು ನಾಲ್ವರಿಗೆ ಮಾತ್ರ: ನಮ್ಮ ಗ್ರೆಗರಿ ಮಾಸ್ಟ್ರು, ಕೀಬೋರ್ಡಿನವ, ತಬಲಾದವ ಮತ್ತು ಪಿಟೀಲಿನ ನಾನು. ಉಳಿದವರು ಊರಲ್ಲೇ ಬಾಕಿಯಾದರು.

ಮಾಸ್ಟ್ರು ಇಗರ್ಜಿಯ ಗೀತೆ, ತುಳು ನಾಟಕದ ಹಾಡು, ಸೋಪಿನ ಜಾಹೀರಾತು, ಪೊಲೀಸ್ ಬ್ಯಾಂಡು ಎಲ್ಲಕ್ಕೂ ರಾಗ ಹಾಕಿದವರು. ಎದುರಿಗೆ ಮನುಷ್ಯರು ಕೂತು ನುಡಿಸದಿದ್ದರೆ ವಾದ್ಯವೃಂದ ನಡೆಸಲು ಕೈ ಎತ್ತುವುದಿಲ್ಲ ಎಂಬುದು ಅವರ ಹಟ. ಮುಂಬಯಿ ದಾಟಿದ ಮೇಲೆ ವಿಮಾನದ ಊಟವನ್ನೂ ಮುಟ್ಟದೆ, ಎಲ್ಲರ ಪಾಲಿನ ಸಂಗೀತವನ್ನು ನಮ್ಮ ಮೂವರಿಗೆ ಹೊಂದಿಸಿ ಬರೆಯುತ್ತಾ ಕೂತರು. ವೀಸಾ ಸಿಗದೆ ಊರಲ್ಲುಳಿದ ವಾಸುವಿನ ಕೊಳಲಿನ ಪಾಲು ನನ್ನ ತಲೆಗೆ ಬಂತು.

"ವಿಠಲಾ, ಇದು ಮೊದಲಿನದಕ್ಕಿಂತ ಚಂದ ಆಗ್ತದೆ ನೋಡು" ಎಂದು ನನಗೆ ಹೇಳಿದರು. ಎಪ್ಪತ್ತು ದಾಟಿದ್ದ ಅವರು ಇದೇ ಕೊನೆಯ ಕಾರ್ಯಕ್ರಮ ಎಂದು ಮನೆಯಲ್ಲಿ ಹೇಳಿ ಬಂದಿದ್ದರು.

ಕುವೈತಿನಲ್ಲಿ ಇಳಿದಾಗ ಧೂಳಿನ ಗಾಳಿ. ನಮಗೆ ಕೊಟ್ಟಿದ್ದ ಖೈತಾನಿನ ಫ್ಲಾಟಿನಲ್ಲಿ ಕಿಟಕಿಯ ಸಂದಿಗೆ ಒದ್ದೆ ಬಟ್ಟೆ ತುರುಕಿದ್ದರೂ ಹಲ್ಲಿನಲ್ಲಿ ಮರಳು ಕರಕರ ಎನ್ನುತ್ತಿತ್ತು. ನಮ್ಮ ಕರಾವಳಿ ಕಡೆಯ ಬ್ಯಾರಿಯೊಬ್ಬರ ಹೋಟೆಲಿನಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಸಿಕ್ಕಿತು. ಊಟದ ಮಟ್ಟಿಗೆ ಊರು ಬಿಟ್ಟ ಹಾಗೇ ಇರಲಿಲ್ಲ. ಮರುದಿನ ಇನ್ನೂರೈವತ್ತು ಫಿಲ್ಸ್ ಕೊಟ್ಟು ಬಸ್ಸಿನಲ್ಲಿ ಫಿಂಟಾಸಿಗೆ ಕಡಲು ನೋಡಲು ಹೋದೆವು. ಹಳದಿ ಮಬ್ಬು ಬಿಟ್ಟರೆ ಏನೂ ಕಾಣಲಿಲ್ಲ.

ಸಂಜೆ ಅಭ್ಯಾಸಕ್ಕೆಂದು ಸಭಾಂಗಣಕ್ಕೆ ಹೋದಾಗ ಕಾರ್ಯಕ್ರಮ ಏರ್ಪಡಿಸಿದ್ದ ಡೆನಿಸ್ ತಲೆ ಕೆರೆಯುತ್ತಾ ಬಂದ. ಇಲ್ಲಿನ ಆಸ್ಪತ್ರೆಯೊಂದರಲ್ಲಿ ಗುಮಾಸ್ತ, ಉಡುಪಿ ಕಡೆಯವ.

"ಮಾಸ್ಟ್ರೆ, ಬೇಜಾರು ಮಾಡ್ಬೇಡಿ. ಮೂರು ಜನರ ಸೌಂಡು ಈ ಹಾಲಿಗೆ ಸಾಕಾಗುದಿಲ್ಲ. ನಿಮ್ಮದೇ ಹಳೆ ರೆಕಾರ್ಡಿಂಗಿನ ಸೀಡಿ ತರಿಸಿದ್ದೇನೆ. ಅದನ್ನು ಹಾಕುವ. ನೀವು ಎದುರು ನಿಂತು ಕೈ ಆಡಿಸಿದ್ರೆ ಆಯ್ತು."

"ಇವರು?"

"ನುಡಿಸಿದ ಹಾಗೆ ಮಾಡ್ಲಿ. ಮೈಕ್ ಆಫ್ ಇರ್ತದೆ."

ಮಾಸ್ಟ್ರು ಎದ್ದು ಹೊರಟೇಬಿಡುತ್ತಾರೆ ಎಂದುಕೊಂಡೆ. ಡೆನಿಸ್ ಅವರ ಕೈ ಹಿಡಿದುಕೊಂಡ. "ಟಿಕೆಟ್ ಎಲ್ಲ ಖಲಾಸ್, ಮಾಸ್ಟ್ರೆ. ಅಷ್ಟು ದೂರದ ಜಹ್ರಾದಿಂದೆಲ್ಲ ಜನ ಬರ್ತಾರೆ. ಪಾಪ, ಅವರಿಗೆ ರಜೆ ಅಂತ ಇರುದೇ ಶುಕ್ರವಾರ ಒಂದು."

"ಒಂದು ಹಾಡಾದರೂ ನಾವೇ ನುಡಿಸುವ ಮಾರಾಯ" ಎಂದರು ಮಾಸ್ಟ್ರು. ಅವರು ಯಾರ ಹತ್ತಿರವೂ ಹಾಗೆ ಅಂಗಲಾಚಿದ್ದನ್ನು ನಾನು ಕಂಡವನಲ್ಲ.

"ಕೊನೆಗೆ ಟೈಮ್ ಉಳಿದ್ರೆ ನೋಡುವ" ಎಂದ ಡೆನಿಸ್.

ಶುಕ್ರವಾರ ಸಭಾಂಗಣ ತುಂಬಿತ್ತು. ಸೀಡಿ ಶುರುವಾಯಿತು, ಮಾಸ್ಟ್ರು ಕೈ ಎತ್ತಿದರು. ನಾನು ಕಮಾನನ್ನು ತಂತಿಗೆ ತಾಗಿಸದೆ ಆಡಿಸಿದೆ. ನಾಚಿಕೆಯಿಂದ ಜನರ ಕಡೆ ನೋಡಲಾಗಲಿಲ್ಲ. ಎರಡು ಹಾಡು ಹೇಗೋ ದಾಟಿದವು. ಮೂರನೆಯದರಲ್ಲಿ ಕೊಳಲು ಬರುವ ಜಾಗದಲ್ಲಿ ಮಾಸ್ಟ್ರು ಅಭ್ಯಾಸಬಲದಿಂದ ಎಡಕ್ಕೆ ತಿರುಗಿ ವಾಸುವಿಗೆ ಸನ್ನೆ ಮಾಡಿದರು. ಅಲ್ಲಿ ಯಾರೂ ಇರಲಿಲ್ಲ. ಸೀಡಿಯಿಂದ ಕೊಳಲು ಮಾತ್ರ ಸರಿಯಾಗಿ ಬಂತು.

ಅವರು ಎರಡೂ ಕೈ ಇಳಿಸಿಬಿಟ್ಟರು. ಹಾಡು ನಿಲ್ಲಲಿಲ್ಲ. ಅವರು ಸುಮ್ಮನೆ ನಿಂತಿದ್ದಂತೆಯೇ ಅದು ಏರಿ, ಇಳಿದು, ಎಲ್ಲೂ ತಪ್ಪದೆ ಮುಗಿಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಮೇಲೆ ಭಾಷಣ, ಸನ್ಮಾನ, ಲಕ್ಕಿ ಡ್ರಾ ಆಗಿ ಸಭಾಂಗಣ ಬಿಟ್ಟುಕೊಡುವ ಹೊತ್ತಾಯಿತು. ನಾವು ಒಂದು ಸ್ವರವನ್ನೂ ನುಡಿಸಲಿಲ್ಲ.

ವಿಮಾನ ನಿಲ್ದಾಣಕ್ಕೆ ಬಿಡಲು ಬಂದ ಡೆನಿಸ್ ಖುಷಿಯಲ್ಲಿದ್ದ. "ಭಾರೀ ಲಾಯ್ಕಾಯ್ತು ಮಾಸ್ಟ್ರೆ. ಬರುವ ವರ್ಷವೂ ನೀವೇ ಬರ್ಬೇಕು."

"ಎಂತಕ್ಕೆ?" ಎಂದು ಕೇಳಿದರು ಮಾಸ್ಟ್ರು.

ತಮಾಷೆಯೆಂದು ತಿಳಿದು ಡೆನಿಸ್ ನಕ್ಕ. ಮಾಸ್ಟ್ರು ಉತ್ತರಕ್ಕೆ ಕಾಯುತ್ತಾ ಅವನ ಮುಖವನ್ನೇ ನೋಡುತ್ತಾ ನಿಂತರು. ಕೊನೆಗೆ ನಾನೇ ತೋಳು ಹಿಡಿದು ಅವರನ್ನು ಒಳಗೆ ಕರೆದುಕೊಂಡು ಹೋದೆ.