ಪುರಾಣವನ್ನು ನಡುವೆ ನಿಲ್ಲಿಸಿದ ಸಂಜೆ

ಕಳೆದ ವರ್ಷದ ಚಳಿಗಾಲದ ಒಂದು ಬೆಳಿಗ್ಗೆ ಅಂಗಳದಲ್ಲಿ ತೊಗರಿಬೇಳೆ ಕೇರುತ್ತಿದ್ದೆ. ಯಲಬುರ್ಗಾದ ಈ ಗಂಡನ ಮನೆಯೇ ಹದಿಮೂರು ವರ್ಷಗಳಿಂದ ನನ್ನ ನೌಕರಿ. ಆ ವರ್ಷ ಅದಕ್ಕೆ ಇನ್ನೊಂದು ಕೆಲಸ ಸೇರಿತ್ತು: ಐದನೇ ತರಗತಿಯ ಮಗಳು ಭಾಗ್ಯಾಳನ್ನು ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಓದಿಸುವುದು. ಆ ಪರೀಕ್ಷೆ ಬರೆಯಲು ಸಿಗುವುದು ಒಂದೇ ಅವಕಾಶ. ಹಾಸ್ಟೆಲ್‌ನಲ್ಲಿ ಕಳೆದುಹೋಗಬಾರದೆಂದು ಅವಳು ಆಗಲೇ ತನ್ನ ತಟ್ಟೆಯ ಹಿಂದೆ ಮೊಳೆಯಿಂದ ಹೆಸರು ಕೆತ್ತಿಕೊಂಡಿದ್ದಳು.

ಫೋನು ಬಂತು. ಅವಳ ಶಾಲೆಯ ಮೇಷ್ಟ್ರು.

"ಅಕ್ಕಾರ, ಮಾದರಿ ಪರೀಕ್ಷಾದಾಗ ಗಣಿತಕ್ಕ ಇಪ್ಪತ್ತಕ್ಕ ಹತ್ತೊಂಬತ್ತು ಬಂದಾವ. ಭಾಷಾದಾಗ ನಾಕ. ಹಿಂಗಾದ್ರ ಸೀಟು ಮರೀಬೇಕ್ರಿ."

"ದಿನಾ ಪುರಾಣ ಓದತಾಳ್ರಿ ಸರ. ಒಂದಕ್ಷರ ತಪ್ಪಂಗಿಲ್ಲ."

"ಓದತಾಳ್ರಿ. ಏನು ಓದ್ಯಾಳ ಅಂತ ಒಮ್ಮೆ ಕೇಳಿ ನೋಡ್ರಿ."

ಪರೀಕ್ಷೆಗೆ ಇಪ್ಪತ್ತೊಂದು ದಿನ ಉಳಿದಿತ್ತು.

ವೇಳೆ ಹಂಚಿದವಳು ನಾನೇ. ದಿನಕ್ಕೆ ಎರಡು ತಾಸು ಗಣಿತ. ಭಾಷೆಗೆ ಅರ್ಧ ತಾಸು, ಅದೂ ದೀಪ ಹಚ್ಚಿದ ಮೇಲೆ ಶರಣರೊಬ್ಬರ ಪುರಾಣದ ಒಂದು ಅಧ್ಯಾಯ. ಓದೂ ಆಯಿತು, ಪುಣ್ಯವೂ ಬಂತು ಎಂದು ಲೆಕ್ಕ ಹಾಕಿದ್ದೆ. ನಮ್ಮ ಮನೆಯ ನೇಮವೆಂದರೆ ಹಿಡಿದ ಅಧ್ಯಾಯವನ್ನು ನಡುವೆ ನಿಲ್ಲಿಸಬಾರದು, ಓದಿದ ಸಾಲಿಗೆ ತಿರುಗಿ ಹೋಗಬಾರದು. ಪರೀಕ್ಷೆಯಲ್ಲಾದರೋ ಒಂದು ಗದ್ಯಭಾಗ ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುತ್ತಾರೆ. ಮಾದರಿ ಪರೀಕ್ಷೆಯಲ್ಲಿ ಭಾಗ್ಯಾ ಅದನ್ನೂ ಪುರಾಣದಂತೆ ಒಂದೇ ಉಸಿರಿಗೆ ಮುಗಿಸಿ, ಹಿಂದಕ್ಕೆ ನೋಡದೆ ಉತ್ತರ ಬರೆದಿದ್ದಳು.

ಆ ಸಂಜೆ ಅಧ್ಯಾಯದ ನಡುವೆ ಪುಸ್ತಕದ ಮೇಲೆ ಕೈ ಇಟ್ಟೆ.

"ಅವ್ವಾ, ನಡಕ ನಿಲ್ಲಿಸಿದ್ರ ಕೇಡು ಅಂತಿದ್ದಿ?"

"ನಿಲ್ಲಸು. ಶರಣ ಯಾಕ ಮನಿ ಬಿಟ್ಟ ಹೊಂಟಾನ?"

"ಗೊತ್ತಿಲ್ಲ. ಓದಿದೆ ಅಷ್ಟ."

ಅರ್ಧ ಪುಸ್ತಕ ಮುಗಿದಿತ್ತು.

ಮರುದಿನ ನಸುಕಿಗೆ ಅವಳ ಮೈ ಕೆಂಡವಾಗಿತ್ತು. ಅತ್ತೆ ಬಾಗಿಲಲ್ಲೇ ನಿಂತು, "ದೇವರ ಮಾತ ಅರ್ಧಕ್ಕ ಕತ್ತರಿಸಿದಿ. ಇನ್ನೂ ಏನೇನು ನೋಡಬೇಕೋ," ಎಂದರು. ನನಗೂ ಅದೇ ಭಯವಿತ್ತು. ಮೂರು ದಿನ ಜ್ವರ ಬಿಡಲಿಲ್ಲ. ನಾಲ್ಕನೇ ದಿನ ಇಳಿಯಿತು, ಅದು ದೇವರ ಕೃಪೆ. ಅತ್ತೆ ಬೈದರೂ ಪುಸ್ತಕ ಬಚ್ಚಿಡಲಿಲ್ಲ, ಅದೂ ಕೃಪೆಯೇ. ಅಂದಿನಿಂದ ಗಣಿತದ ಒಂದು ತಾಸು ಕಡಿದು ಭಾಷೆಗೆ ಕೊಟ್ಟೆ. ದೇವರಿಗೆ ತಪ್ಪುಕಾಣಿಕೆ ಇಟ್ಟು, ಸಾಲುಸಾಲಿಗೂ ನಿಲ್ಲಿಸಿ ಕೇಳಿದೆ. ಪ್ರತಿ ಸಲ ನಿಲ್ಲಿಸುವಾಗಲೂ ದೀಪದ ಕಡೆ ನೋಡುತ್ತಿದ್ದೆ, ಆರಿತೇನೋ ಎಂದು.

ಕೊಪ್ಪಳದಲ್ಲಿ ಪರೀಕ್ಷೆ ಬರೆದು ಹೊರಗೆ ಬಂದವಳು "ಬರದೀನಿ" ಎಂದಳು.

ತಿಂಗಳುಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಮೇಷ್ಟ್ರು ಫೋನಿಗೆ ಪಟ್ಟಿ ಕಳಿಸಿದರು. ಬೆರಳಿಂದ ಸರಿಸುತ್ತ ಹೋದೆ. ಮಗಳ ಹೆಸರು ಕಂಡಿತು. ದೇವರ ಮುಂದೆ ಅಡ್ಡಬಿದ್ದೆ, ಅತ್ತೆಯ ಬಾಯಿಗೆ ಸಕ್ಕರೆ ಹಾಕಿದೆ. ಭಾಗ್ಯಾ ಫೋನು ಇಸಿದುಕೊಂಡು ಓದಿದಳು. ಪಟ್ಟಿಯ ಮೇಲಕ್ಕೆ ಹೋಗಿ ತಿರುಗಿ ಓದಿದಳು.

"ಅವ್ವಾ, ಇದು ಸೀಟು ಸಿಕ್ಕೋರ ಪಟ್ಟಿ ಅಲ್ಲ, ಕಾಯೋರದು. ನಾ ಎಂಟನೇದಾಕಿ. ಯಾರರ ಸೀಟು ಬಿಟ್ರ ಅಷ್ಟ ಅಂತ ಮ್ಯಾಲ ಬರದಾರ ನೋಡು."

ಅತ್ತೆ ಬಾಯಲ್ಲಿನ ಸಕ್ಕರೆ ನುಂಗಲೂ ಇಲ್ಲ, ಉಗುಳಲೂ ಇಲ್ಲ.

ಎಂಟು ಜನ ಬಿಡುವುದಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು. ಯಾವ ವಿಷಯಕ್ಕೆ ಎಷ್ಟು ತಾಸು ಎಂದು ಹಂಚಿ ನಾನು ನಿಶ್ಚಿಂತಳಾಗಿದ್ದೆ. ಆ ತಾಸಿನಲ್ಲಿ ಮಗುವಿನ ತಲೆಗೆ ಏನು ಇಳಿಯಿತು ಎಂದು ದಿನಕ್ಕೊಮ್ಮೆ ಕೇಳುವುದೇ ಓದಿಸುವವರ ಕೆಲಸ. ಅದನ್ನು ಕಲಿಯಲು ನನಗೆ ತಡವಾಯಿತು.

ಅವಳು ಅಳಲಿಲ್ಲ. ನಾನೂ ಅವಳ ಮುಂದೆ ಅಳಲಿಲ್ಲ. ಕರೆಂಟು ಹೋಗುವುದರೊಳಗೆ ಜೋಳ ಬೀಸಿಸಿಕೊಂಡು ಬರಬೇಕಿತ್ತು. ಡಬ್ಬಿ ಎತ್ತಿಕೊಂಡು ಗಿರಣಿಗೆ ಹೊರಟೆ.