ಕಂಬಳಿಗೆ ಕೊಟ್ಟ ಕೂದಲು

ಮದುವೆಯಾದ ದಿನದಿಂದ ನಮ್ಮಕ್ಕ ಗೌರವ್ವನ ತಲೆಯ ಮೇಲಿಂದ ಸೆರಗು ಇಳಿದದ್ದನ್ನು ನಾನು ಕಂಡಿರಲಿಲ್ಲ. ಒಲೆಯ ಮುಂದೆ, ಹೊಲದಲ್ಲಿ, ಬಸ್ಸಿನ ಕಿಟಕಿಯ ಗಾಳಿಗೆ ಕೂಡ ಅದು ಅಲ್ಲಿಯೇ ಇರುತ್ತಿತ್ತು. ಕಿವಿಯ ಹಿಂದೆ ಒಮ್ಮೆ ಸಿಕ್ಕಿಸಿದಳೆಂದರೆ ಮುಗಿಯಿತು, ಎರಡೂ ಕೈ ಕೆಲಸಕ್ಕೆ. ನನ್ನ ಹೆಂಡತಿ ಸುನಂದಾ, "ಒಂದ್ ಪಿನ್ನರ ಹಚ್ಕೊಳ್ರಿ ಅಕ್ಕಾರ" ಅಂದರೆ, "ಪಿನ್ ಹಚ್ಚೂದು ನಂಬಿಕಿ ಇಲ್ಲದಾವ್ರು" ಅನ್ನುತ್ತಿದ್ದಳು.

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲಿಗ ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಕಷ್ಟಪಟ್ಟು ಪಡೆದದ್ದು. ಆದರೆ ಆ ಕಷ್ಟದ ಅರ್ಧ ಪಾಲು ಅಕ್ಕನದು. ಅಪ್ಪ ನನ್ನನ್ನು ಸಾಲಿ ಬಿಡಿಸಿ ಆಡು ಕಾಯಲು ಹಚ್ಚಬೇಕೆಂದಾಗ, ಐದನೆಯ ಇಯತ್ತೆಯಲ್ಲಿದ್ದ ಅಕ್ಕ ತಾನೇ ಕೋಲು ಹಿಡಿದು ನಿಂತಳು. "ಆಡು ನಾ ಕಾಯ್ತೀನಿ. ಅವನ ಕೈಯಾಗಿನ ಪಾಟಿ ಕಸ್ಕೋಬ್ಯಾಡ." ಮುಂದೆ ನಾನು ಬೆಳಗಾವಿಯ ಕಾಲೇಜಿನಿಂದ ಪಾಸಾಗಿ ಬಂದಾಗ ಅವ್ವನಿಗೆ ಡಿಗ್ರಿಯೆಂದರೆ ಏನೆಂದೇ ತಿಳಿಯಲಿಲ್ಲ. ಅಕ್ಕನೇ ತಿಳಿಸಿ ಹೇಳಿದಳು: "ಇನ್ನ ಇವಗ ಕಚೇರಿಯಾಗ ಯಾರೂ 'ಏ' ಅನ್ನಂಗಿಲ್ಲವ್ವ. 'ರೀ' ಅಂತಾರ."

ಅವಳನ್ನು ಖಾನಾಪುರದಾಚೆಯ ಬೀಡಿ ಎಂಬ ಊರಿಗೆ ಕೊಟ್ಟಿತ್ತು. ಮಕ್ಕಳಾಗಲಿಲ್ಲ. ನನ್ನ ಮಗ ಸಮರ್ಥ, ಮಗಳು ನಿಧಿ, ಇವರಿಬ್ಬರೇ ಅವಳ ಮಕ್ಕಳು. ಬಂದಾಗಲೆಲ್ಲ ಒಬ್ಬನನ್ನು ಎಡಕ್ಕೆ, ಒಬ್ಬಳನ್ನು ಬಲಕ್ಕೆ ಹಾಕಿಕೊಂಡೇ ಮಲಗುತ್ತಿದ್ದಳು.

ಹೋದ ವರ್ಷ ಅವಳಿಗೆ ಕ್ಯಾನ್ಸರ್ ಎಂದಾಯಿತು. ಔಷಧೋಪಚಾರಕ್ಕೆಂದು ಬೆಳಗಾವಿಯ ಅನಗೋಳದ ನಮ್ಮ ಮನೆಯಲ್ಲೇ ಇಟ್ಟುಕೊಂಡೆವು. ಕೂದಲೆಲ್ಲ ಉದುರಿತು. ಮಕ್ಕಳಿಗೆ ಗೊತ್ತಾಗಲಿಲ್ಲ, ಯಾಕೆಂದರೆ ಅತ್ತಿಯ ಬರಿದಲೆಯನ್ನು ಅವರು ಎಂದೂ ನೋಡಿದವರೇ ಅಲ್ಲ. "ಹುಡುಗೂರು ನನ್ನ ನೋಡಿ ಅಂಜಬಾರದು ತಮ್ಮಾ. ನನಗ ಅಷ್ಟ ಬೇಕಾಗಿರೂದು" ಎಂದಿದ್ದಳು.

ಖಾನಾಪುರದ ಹಾದಿಯಲ್ಲಿ ಒಂದು ತೋಟವಿದೆ. ಆಡು, ಕುರಿ, ಮೊಲಗಳನ್ನು ಸಾಕಿ, ಮಕ್ಕಳಿಗೆ ಮೇವು ತಿನ್ನಿಸಲು, ಮೈದಡವಲು ಬಿಡುತ್ತಾರೆ. ಮೈಯಲ್ಲಿ ಒಂದಿಷ್ಟು ಕಸುವು ಬಂದ ವಾರದಲ್ಲಿ ಅಕ್ಕನೇ ನಮ್ಮೆಲ್ಲರನ್ನೂ ಅಲ್ಲಿಗೆ ಹೊರಡಿಸಿದಳು. ಬಾಗಿಲಲ್ಲಿ ಟಿಕೆಟ್ ಕಂಡು ನಿಂತುಬಿಟ್ಟಳು.

"ಆಡಿಗೆ ಮೇವು ಹಾಕಾಕ ನಾವ ಟಿಕೀಟ ತಗೀಬೇಕ?"

"ಹೌದಕ್ಕಾ, ಈಗ ಹಂಗ."

"ಹಂಗಾರ ನಮ್ಮಪ್ಪ ಕಂಪನಿ ತಗದಿದ್ದ ಅನ್ನು. ನಮಗ ತಿಳೀಲಿಲ್ಲ."

ಟಿಕೆಟ್ ಕೊಡುವ ಹೆಣ್ಣುಮಗಳೂ ನಕ್ಕಳು. ಒಳಗೆ ಆಗಷ್ಟೇ ಉಣ್ಣೆ ಕತ್ತರಿಸಿದ್ದ ಕುರಿಗಳು ಗೋಡೆಗೊತ್ತಿ ನಿಂತಿದ್ದವು, ಮೈಯೆಲ್ಲ ಬೆಳ್ಳಗೆ, ಸಣ್ಣಗೆ. ಅವಕ್ಕೆ ಚಳಿ ಆಗೋದಿಲ್ಲವೇ ಎಂದು ನಿಧಿಗೆ ಚಿಂತೆ. "ಬ್ಯಾಸಿಗ್ಯಾಗ ಹಗೂರ ಅನಸ್ತೈತಿ ಅವಕ್ಕ" ಎಂದು ಅಕ್ಕ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಟ್ಟೆಯ ಮೇಲೆ ಕುಳಿತಳು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಸೊಪ್ಪು. ಹಿಂದಿನಿಂದ ಬಂದ ಮರಿ ಆಡೊಂದು ಕಟ್ಟೆಗೆ ಮುಂಗಾಲು ಕೊಟ್ಟು ನಿಂತು, ಸೊಪ್ಪು ಬಿಟ್ಟು ಸೆರಗಿಗೆ ಬಾಯಿ ಹಾಕಿತು. ಜಗ್ಗಿತು.

ಸೆರಗು ಬಂದುಬಿಟ್ಟಿತು.

ಸಮರ್ಥನಿಗೆ ಎಂಟು ವರ್ಷ. ಅತ್ತಿಯ ಬೋಳು ತಲೆ ನೋಡಿದವನೇ ಹಿಂದೆ ಸರಿದು ತಾಯಿಯ ಬೆನ್ನಿಗೆ ನಿಂತ. ಸುನಂದಾ ಆಡಿನ ಬಾಯಿಂದ ಸೆರಗು ಬಿಡಿಸಲು ಒದ್ದಾಡುತ್ತಿದ್ದಳು. ತೊಡೆಯ ಮೇಲಿದ್ದ ನಿಧಿ ಅತ್ತಿಯ ತಲೆ ನೋಡಿದಳು, ಕುರಿ ನೋಡಿದಳು.

"ಅತ್ತಿ, ನಿನಗೂ ಕತ್ತರಿ ಹಾಕ್ಯಾರೇನ?"

"ಹೂಂ ನನ್ನವ್ವ. ಕಂಬಳಿ ಮಾಡಾಕ ಕೊಟ್ಟೀನಿ."

"ಮತ್ತ ಬರ್ತೈತಿ?"

ಅಕ್ಕ ಕುರಿಗಳ ಕಡೆ ನೋಡಿದಳು. "ಕುರೀದಂತೂ ಬರ್ತೈತಿ."

ನಿಧಿ ಆ ತಲೆಯ ಮೇಲೆ ಕೈಯಾಡಿಸಿ, "ಮೆತ್ತಗ ಐತಿ" ಎಂದು ಮೊಲ ನೋಡಲು ಓಡಿದಳು.

ಸಮರ್ಥ ಓಡಲಿಲ್ಲ. ಬುತ್ತಿ ಬಿಚ್ಚಿದಾಗ ಅಕ್ಕ ಕೊಟ್ಟ ಚಪಾತಿ ಸುರುಳಿಯನ್ನು ತಗೊಳ್ಳಲಿಲ್ಲ. ಬಸ್ಸಿನಲ್ಲಿ ಅವಳ ಬಾಜು ಜಾಗವಿದ್ದರೂ ನಿಂತೇ ಬಂದ. ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು: "ಅವ ಶ್ಯಾಣ್ಯಾ ಅದಾನ. ಕಂಬಳಿ ಮಾತು ಅವಗ ನಡ್ಯಂಗಿಲ್ಲ. ನೀ ಕಲತಾಂವ ಅದೀ, ಅವಗ ಖರೇ ಹೇಳು."

ಹೇಳಿದೆ. ನನಗೆ ತಿಳಿದ ಶಬ್ದಗಳಲ್ಲಿ, ಅಂಜಬೇಡ ಎಂದೂ ಸೇರಿಸಿ ಹೇಳಿದೆ. ಅವನು ತಲೆಯಾಡಿಸಿದ. ಆದರೆ ಅಂದಿನಿಂದ ಅಕ್ಕನ ಕೋಣೆಯ ಹೊಸ್ತಿಲು ದಾಟಲಿಲ್ಲ. ಹೊರಗೆ ನಿಂತೇ, "ಅತ್ತಿ, ಊಟಾ ಆತ?" ಎಂದು ಕೇಳಿ ಹೋಗುತ್ತಿದ್ದ. ಅವನ ಹೆಜ್ಜೆಯ ಸಪ್ಪಳ ಕೇಳಿದರೆ ಅಕ್ಕ ಎದ್ದು ಕುಳಿತು ಸೆರಗು ಬಿಗಿದುಕೊಳ್ಳುತ್ತಿದ್ದಳು. "ಊಟಾ ಆತಪ್ಪಾ" ಅನ್ನುವಾಗ ದನಿ ಗಟ್ಟಿ ಇರುತ್ತಿತ್ತು. ಅವನು ಹೋದ ಮೇಲೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಡಾಕ್ಟರು, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಅಕ್ಕನಿಗೆ ಬೀಡಿಯ ತನ್ನ ಮನೆಯಲ್ಲೇ ಇರಬೇಕೆಂದಿತ್ತು. ಆ ದೀಪಾವಳಿಗೆ ಅವಳು ಇರಲಿಲ್ಲ.

ಅದಕ್ಕೂ ಮೊದಲು, ನಾನು ಅವಳನ್ನು ಬೀಡಿಗೆ ಬಿಟ್ಟುಬರಲು ಬಾಡಿಗೆ ಗಾಡಿ ತರಿಸಿದ್ದ ಮುಂಜಾನೆಯ ಮಾತಿದು. ಅವಳನ್ನು ಎತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿದೆವು. ನಿಧಿ ಮುದ್ದು ಕೊಟ್ಟು ಇಳಿದಳು. ಸಮರ್ಥ ಸಾಲಿ ಅಂಗಿ ತೊಟ್ಟು ಗೇಟಿನ ಹತ್ತಿರ ನಿಂತಿದ್ದ. ಗಾಡಿ ಚಾಲೂ ಆದಾಗ ಬಂದು ಕಿಟಕಿ ಹಿಡಿದ.

"ಅತ್ತಿ, ನೀ ಮತ್ತ ಬರ್ತಿ?"

ಸುನಂದಾ, "ಬರ್ತಾರಪ್ಪಾ, ಆರಾಮಾಗಿ ಬರ್ತಾರ" ಎಂದಳು. ಅಕ್ಕ ಅವನನ್ನೇ ನೋಡುತ್ತಿದ್ದಳು.

"ಇಲ್ಲಪ್ಪಾ," ಎಂದಳು. "ಬರಂಗಿಲ್ಲ."

ಅವನು ಬಾಗಿಲು ತೆಗೆದು ಹತ್ತಿ, ಅವಳ ಮಗ್ಗುಲಿಗೆ ಒತ್ತಿ ಕುಳಿತ. "ಸಾಲಿ ಐತೋ, ಇಳೀ" ಎಂದು ಸುನಂದಾ ಕರೆದಳು. ಇಳಿಯಲಿಲ್ಲ. ಡ್ರೈವರ್ ನನ್ನ ಕಡೆ ನೋಡಿದ. ಹೊರಡಿ ಎಂದೆ.

ಖಾನಾಪುರ ದಾಟುವಷ್ಟರಲ್ಲಿ ಇಬ್ಬರೂ ನಿದ್ದೆ ಹೋಗಿದ್ದರು, ಅವನ ತಲೆ ಅವಳ ತೊಡೆಯ ಮೇಲೆ.