ಗೊಂಬೆ ಹೊತ್ತು ಮಾರುಕಟ್ಟೆಗೆ ಬರುವ ಅಕ್ಕ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ತರಕಾರಿ ಸಗಟು ಮಾರುಕಟ್ಟೆಯ ಗೇಟಿನೊಳಗೆ ಲಾರಿಗಳು ಹಿಂದುಹಿಂದಕ್ಕೆ ಸರಿದು ನಿಲ್ಲುತ್ತಿವೆ. ಈರುಳ್ಳಿ ಮೂಟೆಗಳ ಸಂದಿಯಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಹೆಗಲ ಮೇಲೆ ಗಂಡಸಿನ ಅರ್ಧ ದೇಹ ಹೊತ್ತು ಬರುತ್ತಿದ್ದಾರೆ. ತಲೆ ಇದೆ, ಎದೆ ಇದೆ, ಅಲ್ಲಿಗೆ ಮುಗಿಯಿತು. ಹೊಸಬರು ಕಂಡರೆ ಜೀವ ಬಾಯಿಗೆ ಬರಬೇಕು. ಇಲ್ಲಿನ ಹಮಾಲರು ಮಾತ್ರ ಆರಾಮಾಗಿ ದಾರಿ ಬಿಡುತ್ತಾರೆ.

"ಏನಕ್ಕಾ, ಇವತ್ತು ಸಾಹೇಬ್ರಿಗೆ ಶರ್ಟ್ ಹಾಕಿಲ್ವಾ?"

"ಒಗೆಯೋಕೆ ಹಾಕಿದೀನಪ್ಪ. ನೀನು ಮೂಟೆ ಇಳಿಸಿ ಬಾ, ಇವತ್ತು ನಿನ್ನ ಸರದಿ."

ಅದು ರಬ್ಬರಿನ ಗೊಂಬೆ. ಹೃದಯ ನಿಂತು ಕುಸಿದವರ ಎದೆಯನ್ನು ಹೇಗೆ ಒತ್ತಬೇಕೆಂದು ಕಲಿಸಲು ಆಸ್ಪತ್ರೆಗಳಲ್ಲಿ ಇಟ್ಟುಕೊಳ್ಳುವಂಥದ್ದು. ಅದನ್ನು ಹೊತ್ತು ತಿರುಗುವ ಇವರಿಗೆ ಮಾರುಕಟ್ಟೆಯಿಟ್ಟ ಹೆಸರು ಗೊಂಬೆ ಅಕ್ಕ. ದೊಡ್ಡಾಸ್ಪತ್ರೆಯೊಂದರ ತರಬೇತಿ ಕೋಣೆಯಲ್ಲಿ ಆಯಾ ಕೆಲಸ. ಗೊಂಬೆಗಳ ಮುಖ ತೊಳೆಯುವುದು, ಸವೆದ ಸ್ಪ್ರಿಂಗ್ ಬದಲಿಸುವುದು ದಿನದ ಪಾಡು. ರಜೆಯ ಬೆಳಗ್ಗೆಗಳು ಮಾತ್ರ ಈ ಮಾರುಕಟ್ಟೆಗೆ, ಬಸ್ ಡಿಪೋಗೆ, ಗಾರ್ಮೆಂಟ್ಸ್ ಗೇಟಿಗೆ ಮೀಸಲು.

ಗೋಣಿಚೀಲ ಹಾಸಿ ಗೊಂಬೆ ಮಲಗಿಸುತ್ತಾರೆ. ಮೂಟೆ ಇಳಿಸಿ ಬಂದ ಹಮಾಲ ಮಂಡಿಯೂರುತ್ತಾನೆ. "ಎದೆ ನಡುಮಧ್ಯ ಅಂಗೈ ಬುಡ ಇಡು. ಮೇಲೊಂದು ಕೈ. ಮೊಣಕೈ ಮಡಿಸಬೇಡ, ಸೊಂಟದಿಂದ ಭಾರ ಬಿಡು. ಒತ್ತಿದ ಮೇಲೆ ಎದೆ ಪೂರ್ತಿ ಮೇಲೇಳಲಿ, ಆಮೇಲೆ ಮತ್ತೆ ಒತ್ತು." ಸರಿಯಾದ ಆಳಕ್ಕೆ ಹೋದಾಗ ಗೊಂಬೆಯೊಳಗೆ ಟಕ್ಕೆಂದು ಸದ್ದಾಗುತ್ತದೆ. ಸದ್ದು ಸಾಲುಸಾಲಾಗಿ ಬರುವವರೆಗೂ ಅಕ್ಕ ಬಿಡುವುದಿಲ್ಲ.

ಏಳು ವರ್ಷದ ಹಿಂದೆ ಇದೇ ಮಾರುಕಟ್ಟೆಯಲ್ಲಿ ಅವರ ಗಂಡ ಬಿದ್ದದ್ದು. ಸರಕು ಗಾಡಿ ಓಡಿಸುತ್ತಿದ್ದ ಗಟ್ಟಿ ಆಳು. ಟೊಮೇಟೊ ಕ್ರೇಟು ಇಳಿಸುತ್ತಾ ನಿಂತಲ್ಲೇ ಕುಸಿದರು. ಜನ ಓಡಿಬಂದರು, ಎತ್ತಿ ಕೂರಿಸಿದರು, ಬಾಯಿಗೆ ನೀರು ಬಿಟ್ಟರು, ಕೊನೆಗೆ ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ದೌಡಾಯಿಸಿದರು. ಅಕ್ಕ ಆಗ ಅದೇ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದರು. ಸುದ್ದಿ ತಿಳಿದು ಒದ್ದೆ ಕೈಯಲ್ಲೇ ಓಡಿ ತುರ್ತು ವಿಭಾಗದ ಬಾಗಿಲಲ್ಲಿ ನಿಂತರು. ಒಳಗೆ ಒಬ್ಬರು ಎದೆ ಒತ್ತುತ್ತಿದ್ದರು, ಇನ್ನೊಬ್ಬರು ಸರದಿಗೆ ಕಾಯುತ್ತಿದ್ದರು, ಒಬ್ಬರು ಉಸಿರಿನ ಚೀಲ ಹಿಚುಕುತ್ತಿದ್ದರು. ಕೂಗಾಟವಿಲ್ಲ, ಯಾರ ಕೈಗೂ ಯಾರೂ ಅಡ್ಡ ಬರಲಿಲ್ಲ. ಬಹಳ ಹೊತ್ತು ಹೋರಾಡಿ ಡಾಕ್ಟರು ಹೊರಬಂದು ತಲೆ ಅಲ್ಲಾಡಿಸಿದರು.

ತಿಂಗಳ ನಂತರ ಅಕ್ಕ ಅಲ್ಲಿನ ನರ್ಸಮ್ಮನನ್ನು ಹಿಡಿದು ಕೇಳಿದರು, ಆ ಒತ್ತುವ ಕೆಲಸ ಮಾರುಕಟ್ಟೆಯಲ್ಲೇ ಆಗಿದ್ದರೆ? ನರ್ಸಮ್ಮ ಮುಚ್ಚಿಡಲಿಲ್ಲ. ಆಗ ಒಂದು ಅವಕಾಶವಾದರೂ ಇರುತ್ತಿತ್ತು ಎಂದರು. "ಆ ಮಾತು ನನ್ನ ನಿದ್ದೆ ಕಿತ್ಕೊಳ್ತು," ಎನ್ನುತ್ತಾರೆ ಅಕ್ಕ. "ಹಮಾಲರ ಮೇಲೆ ಸಿಟ್ಟಿಲ್ಲ. ಅವರಿಗೆ ಗೊತ್ತಿದ್ದನ್ನ ಅವರು ಮಾಡಿದ್ರು. ಗೊತ್ತಿದ್ದಿದ್ದು ನೀರು ಕುಡಿಸೋದು, ಅಷ್ಟೇ."

ಬೇಡಿಕೊಂಡು ತರಬೇತಿ ಕೋಣೆಗೆ ವರ್ಗ ಮಾಡಿಸಿಕೊಂಡರು. ದೂರ ಕೂತು ನೋಡಿ ಕಲಿತರು, ಆಮೇಲೆ ಅಲ್ಲಿ ಕಲಿಸುವ ಡಾಕ್ಟರ ಎದುರೇ ಮಾಡಿ ತೋರಿಸಿದರು. ಗೊಂಬೆ ಹೊರಗೊಯ್ಯಲು ಮೇಲಿನವರು ಒಪ್ಪಲಿಲ್ಲ. ಕತ್ತು ಹರಿದು ಮೂಲೆ ಸೇರಿದ್ದ ಒಂದನ್ನು ಕೊನೆಗೆ ಡಾಕ್ಟರೇ ಹೇಳಿ ಕೊಡಿಸಿದರು. ಅದರ ಕತ್ತಿಗೆ ಹೊಲಿಗೆ ಹಾಕಿ ಮನೆಗೆ ತಂದಾಗ ಅತ್ತೆ ಹೌಹಾರಿದರು. ರಾತ್ರಿಯಿಡೀ ಕಣ್ಣು ಬಿಟ್ಟುಕೊಂಡು ನೋಡುತ್ತಾನೆಂದು ಗೊಣಗಿ ಮುಖದ ಮೇಲೆ ಟವೆಲ್ ಎಳೆದರು. ಆದರೆ ಮನೆಯಲ್ಲಿ ಮೊದಲು ಮಂಡಿಯೂರಿ ಒತ್ತಲು ಕಲಿತವರೂ ಮಗನನ್ನು ಕಳೆದುಕೊಂಡ ಆ ಮುದುಕಿಯೇ.

ಮಾರುಕಟ್ಟೆ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಹೊಟ್ಟೆಪಾಡಿನ ಹೊತ್ತಲ್ಲಿ ಇದೇನು ಆಟ ಎಂದು ನಕ್ಕವರೇ ಹೆಚ್ಚು. ಅಕ್ಕ ಜಗ್ಗಲಿಲ್ಲ. ಮೊದಲು ಕಲಿಯಲು ಕೂತವನು ಮೂಲೆಯ ಟೀ ಅಂಗಡಿಯವನು. ಅವನಿಗೇ ಮೊದಲ ಪರೀಕ್ಷೆಯೂ ಬಂತು. ಸರಕು ತೂಗುವ ಕಟ್ಟೆಯ ಮುದುಕರೊಬ್ಬರು ಒಂದು ಬೆಳಗ್ಗೆ ಬಿದ್ದರು. ಟೀ ಅಂಗಡಿಯವನು ಆಂಬುಲೆನ್ಸಿಗೆ ಫೋನ್ ಮಾಡಿಸಿ, ಕಲಿತಂತೆಯೇ ಒತ್ತಿದ. ಕೈಯಡಿ ಪಕ್ಕೆಲುಬು ಲಟಕ್ಕೆಂದಿತು. ಬಿಡದೆ ಒತ್ತಿದ. ಆದರೂ ಮುದುಕರು ಉಳಿಯಲಿಲ್ಲ.

ಎಲುಬು ಮುರಿದು ಕೊಂದನೆಂದು ಯಾರೋ ಪಿಸುಗುಟ್ಟಿದರು. ಅವನು ಅಂಗಡಿ ಮುಚ್ಚಿ ಮನೆ ಸೇರಿದ. ಅಕ್ಕ ಹುಡುಕಿಕೊಂಡು ಹೋದರು. ಗೋಡೆಗೆ ಮುಖ ಮಾಡಿ ಮಲಗಿದ್ದವನ ಪಕ್ಕ ಕೂತರು.

"ನನ್ನ ಕೈಯಲ್ಲೇ ಹೋದ್ರು ಅಕ್ಕಾ," ಅಂದ.

"ಅವರ ಹೃದಯ ನಿಂತಿದ್ದಕ್ಕೆ ನೀನು ಒತ್ತಿದ್ದು ತಮ್ಮಾ. ನೀನು ಒತ್ತಿದ್ದಕ್ಕೆ ನಿಂತಿದ್ದಲ್ಲ. ಎಲುಬು ಮುರಿಯೋದುಂಟು, ಡಾಕ್ಟರ ಕೈಯಲ್ಲೂ ಮುರಿಯುತ್ತೆ." ಮತ್ತೆ ಹೇಳಿದರು: "ನನ್ನ ಗಂಡ ಬಿದ್ದಾಗ ನಿನ್ನಂಥವನೊಬ್ಬ ಇದ್ದಿದ್ರೆ, ಅವರು ಉಳೀದೇ ಇದ್ದಿದ್ರೂ ನಾನು ಇವತ್ತು ನೆಮ್ಮದಿಯಾಗಿ ಮಲಗ್ತಿದ್ದೆ."

ಮರುದಿನ ಅಂಗಡಿ ತೆರೆಯಿತು. ಅದೇ ವಾರ ಮುದುಕರ ಮಗ ಬಂದು, ಟೀ ಕುಡಿದು, ಎಲ್ಲರೆದುರು ಅವನ ಕೈ ಹಿಡಿದು ಕೃತಜ್ಞತೆ ಹೇಳಿ ಹೋದ. ಪಿಸುಮಾತು ಅಲ್ಲಿಗೆ ಅಡಗಿತು. ಗೋಣಿಚೀಲದ ಸುತ್ತ ಜನ ಸೇರತೊಡಗಿದ್ದು ಆಮೇಲೆ.

ಹೋದ ವರ್ಷ, ಎಲೆಕೋಸಿನ ಲಾರಿ ಪಕ್ಕ ಹಮಾಲನೊಬ್ಬ ಉರುಳಿದ. ಉಸಿರು ಆಗೊಮ್ಮೆ ಈಗೊಮ್ಮೆ ಗೊರಕೆಯಂತೆ ಎಳೆಯುತ್ತಿತ್ತು. ಅದು ಉಸಿರಾಟವಲ್ಲ ಎಂದು ಅಕ್ಕ ತಲೆ ತಿನ್ನುವಷ್ಟು ಹೇಳಿದ್ದರು. ಒಬ್ಬ ಫೋನ್ ಮಾಡಿದ, ಇಬ್ಬರು ಲಾರಿಗಳನ್ನು ಸರಿಸಿ ಗೇಟಿನಿಂದ ದಾರಿ ತೆರವು ಮಾಡಿದರು. ಟೀ ಅಂಗಡಿಯವನು ಒತ್ತಲು ಶುರುಮಾಡಿದ. ಅವನು ಸೋತಾಗ ಇನ್ನೊಬ್ಬ, ಅವನ ನಂತರ ಮತ್ತೊಬ್ಬ. ಆಂಬುಲೆನ್ಸಿನವರು ಬಂದು ಕೂಡಲೇ ಒತ್ತುವ ಕೆಲಸ ತಮ್ಮ ಕೈಗೆ ತೆಗೆದುಕೊಂಡು, ಎದೆಗೆ ಪಟ್ಟಿ ಅಂಟಿಸಿ, ಎಲ್ಲರನ್ನೂ ಹಿಂದೆ ಸರಿಸಿ ಶಾಕ್ ಕೊಟ್ಟರು. ಮತ್ತೆ ಒತ್ತಿದರು. ಎರಡನೇ ಶಾಕಿನ ನಂತರ ನಾಡಿ ಸಿಕ್ಕಿತು.

ಅಕ್ಕ ಆ ಹೊತ್ತಿಗೆ ಡಿಪೋದಲ್ಲಿ ಕಂಡಕ್ಟರುಗಳಿಗೆ ಕಲಿಸುತ್ತಿದ್ದರು. ಫೋನಿನಲ್ಲಿ ಟೀ ಅಂಗಡಿಯವನಿಗೆ ಮಾತೇ ಹೊರಡಲಿಲ್ಲ. ಕೆಟ್ಟದ್ದೇ ಆಗಿದೆಯೆಂದುಕೊಂಡು ಅಕ್ಕ ಸಮಾಧಾನ ಹೇಳಲು ಶುರುಮಾಡಿದರು. ಆಗ ಅವನು, "ಇಲ್ಲ ಅಕ್ಕಾ, ಉಳ್ಕೊಂಡ," ಅಂದ. ಅಕ್ಕ ಫೋನ್ ಇಟ್ಟು, ಬಸ್ಸಿನ ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಂಡು, ಎದ್ದು ಪಾಠ ಮುಂದುವರಿಸಿದರು.

ಉಳಿದ ಆ ಹಮಾಲ ಈಗ ಮೂಟೆ ಹೊರುವುದಿಲ್ಲ. ಗೇಟಿನಲ್ಲಿ ಕೂತು ಲಾರಿಗಳಿಗೆ ಚೀಟಿ ಕೊಡುತ್ತಾನೆ. ಗೋಣಿಚೀಲ ಕಂಡರೆ ದೂರ ಸರಿಯುವವರನ್ನು ಅಂಗಿ ಹಿಡಿದು ತಂದು ಕೂರಿಸುವುದು ಅವನು ತಾನಾಗಿ ವಹಿಸಿಕೊಂಡ ಕೆಲಸ.

ಬಿಸಿಲೇರುತ್ತಿದೆ. ಅಕ್ಕ ಗೊಂಬೆಯ ಮುಖ ಒರೆಸಿ ಎತ್ತಿಕೊಳ್ಳುತ್ತಾರೆ. ಮುಂದಿನ ಆಸೆ ಏನೆಂದು ಕೇಳಿದರೆ ಸುತ್ತಲ ಗದ್ದಲದತ್ತ ಒಮ್ಮೆ ಕಣ್ಣು ಹಾಯಿಸಿ ನಗುತ್ತಾರೆ.

"ನನಗೂ ವಯಸ್ಸಾಗ್ತಾ ಬಂತು. ಬೀಳೋದೇ ಆದ್ರೆ ಇಲ್ಲೇ ಬೀಳಬೇಕು. ಇಲ್ಲಿ ಯಾರೂ ಸುಮ್ನೆ ನಿಂತು ನೋಡಲ್ಲ."